ಮಗನಿಗೆ 'ಸಾರಾ ಟಿ.' ತೋರಿಸಿದರೆ ಕುಡಿತ ಬಿಡುತ್ತಾನಾ?

ಹದಿನಾರರ ಮಗ ಸ್ನೇಹಿತರ ಜೊತೆ ಎಣ್ಣೆ ಹೊಡೆಯೋದು ಶುರು ಮಾಡಿದ್ದಾನೆ, 'ಸಾರಾ ಟಿ.' ಅನ್ನೋ ಹಳೇ ಅಮೆರಿಕನ್ ಟಿವಿ ಚಿತ್ರ ತೋರಿಸಿದರೆ ಬುದ್ಧಿ ಬರುತ್ತಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ, ಮೊದಲು ಅವನಿಗೆ ತೋರಿಸಬೇಡಿ. ಅವನು ಮಲಗಿದ ಮೇಲೆ ಗಂಡ ಹೆಂಡತಿ ಕೂತು ನೀವು ನೋಡಿ.

ಇದು 1975ರ ಫೆಬ್ರವರಿಯಲ್ಲಿ ಎನ್‌ಬಿಸಿ ಚಾನೆಲ್‌ನಲ್ಲಿ ಬಂದ ಚಿತ್ರ. ನಿರ್ದೇಶನ ರಿಚರ್ಡ್ ಡಾನರ್. 'ದಿ ಎಕ್ಸಾರ್ಸಿಸ್ಟ್'ನಲ್ಲಿ ದೆವ್ವ ಹಿಡಿದ ಹುಡುಗಿ ಇದ್ದಳಲ್ಲ, ಅದೇ ಲಿಂಡಾ ಬ್ಲೇರ್ ಇಲ್ಲಿ ಸಾರಾ. ವಯಸ್ಸು ಹದಿನಾಲ್ಕು. ಅಪ್ಪ ಅಮ್ಮ ಬೇರೆಯಾಗಿದ್ದಾರೆ, ಅಮ್ಮನಿಗೆ ಇನ್ನೊಂದು ಮದುವೆ, ಹೊಸ ಊರು, ಹೊಸ ಸ್ಕೂಲು. ಒಂದು ರಾತ್ರಿ ಇವಳಿಗೆ ಕುಡಿದು ತಲೆ ನಿಲ್ಲೋದಿಲ್ಲ. ಜೊತೆಗಿದ್ದ ಹುಡುಗನೇ ಕುಡಿಸಿದ ಅಂತ ಮನೆಯವರು ಅವನ ಮೇಲೆ ತಪ್ಪು ಹೊರಿಸುತ್ತಾರೆ. ಇವಳು ಬಾಯೇ ಬಿಡಲ್ಲ. ಇಡೀ ಚಿತ್ರದಲ್ಲಿ ನನಗೆ ತಟ್ಟಿದ್ದು ಇದೇ ಜಾಗ. (ಆ ಹುಡುಗ ಮಾರ್ಕ್ ಹ್ಯಾಮಿಲ್, 'ಸ್ಟಾರ್ ವಾರ್ಸ್'ಗೆ ಎರಡು ವರ್ಷ ಮುಂಚೆ.)

'ನಮ್ಮ ಹುಡುಗ ಒಳ್ಳೆಯವನೇ, ಸಹವಾಸ ಸರಿ ಇಲ್ಲ.' ಕೋಲಾರದಲ್ಲಿ ಟ್ಯೂಷನ್ ಹೇಳೋ ನಾನು ಪೋಷಕರಿಂದ ಈ ಮಾತು ಕೇಳುತ್ತಲೇ ಇರುತ್ತೇನೆ. ಆ ಸಹವಾಸದ ಹುಡುಗನ ಅಮ್ಮನೂ ಇದನ್ನೇ ಹೇಳುತ್ತಾರೆ, ನಿಮ್ಮ ಮಗನ ಹೆಸರು ಹಿಡಿದು.

ಹೊಂದದೇ ಇರೋದೂ ಇದೆ. ಸಾರಾಗೆ ಬಾಟಲಿ ಮನೆಯಲ್ಲೇ ಸಿಗುತ್ತದೆ, ಕುಡಿಯೋದೂ ಹೆಚ್ಚಾಗಿ ಒಬ್ಬಳೇ. ನಮ್ಮ ಹುಡುಗರದ್ದು ಗುಂಪು. ಟೊಮೆಟೊ ಸೀಸನ್ನಿನಲ್ಲಿ ಮಂಡಿಯಲ್ಲಿ ಬಾಕ್ಸ್ ಇಳಿಸಿದರೆ ಕೈಗೆ ನಗದು ಬರುತ್ತದೆ. 90 ಎಂಎಲ್ ಟೆಟ್ರಾ ಪ್ಯಾಕೆಟ್ಟು ನೋಡೋಕೆ ಮಾವಿನ ಜ್ಯೂಸಿನ ಥರವೇ ಇರುತ್ತದೆ, ಪ್ಯಾಂಟ್ ಜೇಬಿಗೆ ಸೇರಿದರೆ ಗೊತ್ತೇ ಆಗಲ್ಲ. ಕರ್ನಾಟಕದಲ್ಲಿ 21 ತುಂಬದವರಿಗೆ ಮಾರುವಂತಿಲ್ಲ, ನಿಜ. ಆದರೆ ಎಂಆರ್‌ಪಿ ಅಂಗಡಿಯಿಂದ ತಂದುಕೊಡೋಕೆ ಯಾರಾದರೂ ಅಣ್ಣ ಇದ್ದೇ ಇರುತ್ತಾನೆ. 18 ತುಂಬದವರ ಕೈಗೆ ಹೀಗೆ ಮದ್ಯ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆ ಪ್ರಕಾರ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಆ ಅಣ್ಣನಿಗೆ ಇದನ್ನು ಯಾರಾದರೂ ಹೇಳಬೇಕು ಅಲ್ವಾ?

ಕೊನೆಯ ಹೊತ್ತಿಗೆ ಸಾರಾ ಕುಡಿದ ಅಮಲಿನಲ್ಲಿ ಆ ಹುಡುಗನ ಕುದುರೆ ಹತ್ತಿ ರಸ್ತೆಗೆ ಇಳಿಯುತ್ತಾಳೆ, ಕುದುರೆ ಸಾಯುತ್ತದೆ. ಸ್ವಲ್ಪ ಅತಿಯಾಯಿತು ಅನ್ನಿಸಿತು. ನಿಮ್ಮ ಮಗ ನಕ್ಕುಬಿಟ್ಟರೂ ಆಶ್ಚರ್ಯವಿಲ್ಲ. ಸುಮ್ನೆ ಹೆದರಿಸೋಕೆ ಅಂತ ತೋರಿಸಿದರೆ ಆಗೋದು ಅಷ್ಟೇ.

ಮಾತಾಡೋದಾದರೆ ಬೆಳಿಗ್ಗೆ ಹೊತ್ತು ಮಾತಾಡಿ, ಅವನು ಕುಡಿದು ಬಂದ ರಾತ್ರಿ ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಡಿತ ಬಿಡಿಸೋಕೆ ಬೇರೆ ವಿಭಾಗವೇ ಇದೆ. ಅವನು ಬರಲ್ಲ ಅಂತ ಹಟ ಹಿಡಿದರೆ, ಮೊದಲ ಸಲ ನೀವಿಬ್ಬರೇ ಹೋಗಿ ಕೇಳಿಕೊಂಡು ಬನ್ನಿ.