ಬೆಂಗಳೂರಿಗೆ ಹೋಗುವ ಮುಂಚೆಯೇ ಅಲ್ಲಿ ಮನೆ ಕೊಂಡುಬಿಡಲೇ?

ನಿಮ್ಮ ಊರು ಶಿರಸಿ, ಜೂನ್‌ನಲ್ಲಿ ಬೆಂಗಳೂರಿಗೆ ವರ್ಗ, ಮನೆಯಲ್ಲಿ ಅಪ್ಪ "ಬಾಡಿಗೆ ಕಟ್ಟೋದು ನೀರಲ್ಲಿ ಹೋಮ ಮಾಡಿದ ಹಾಗೆ, ಮನೆ ತಗೊಂಡೇ ಹೋಗು" ಅಂತಿದ್ದಾರೆ. ನಿಮ್ಮ ಪ್ರಶ್ನೆಯಲ್ಲಿ ಶಿರಸಿ ಹೊಡೆದು ಹೊಸನಗರ, ಅಪ್ಪ ಹೊಡೆದು ಭಾವ ಅಂತ ಬರೆದರೆ ಅದು 2022ರ ನಾನು. ನೀವು ಮಲೆನಾಡಿನವರು ಅನ್ನೋ ಕಾರಣಕ್ಕೇ ಉತ್ತರ ಬರೀತಿದ್ದೇನೆ. ಹುಬ್ಬಳ್ಳಿಯವರು ಕೇಳಿದ್ದರೆ ಬರೀತಿರಲಿಲ್ಲ, ಐದಾರು ದಿನಕ್ಕೊಮ್ಮೆ ನೀರು ಬಿಡುವ ಊರಲ್ಲಿ ಬೆಳೆದವರು ನಾನು ಮಾಡಿದ ತಪ್ಪು ಮಾಡೋದಿಲ್ಲ.

ನಾನು ಆಗ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೆ. 2023ರ ಜನವರಿಯಿಂದ ಬೆಂಗಳೂರು ಆಫೀಸಿಗೆ ಬರಬೇಕು ಅಂದರು. ಹೆಂಡತಿಯ ಅಣ್ಣ, ನಮ್ಮ ಭಾವ, ಒಂದು ಭಾನುವಾರ ಮನೆಗೆ ಬಂದು ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದರು. ಬಾಡಿಗೆ ಇಷ್ಟು, ಹತ್ತು ತಿಂಗಳ ಅಡ್ವಾನ್ಸ್ ಇಷ್ಟು, ಅದಕ್ಕಿಂತ ಸ್ವಲ್ಪ ಜಾಸ್ತಿ ಹಾಕಿದರೆ ಇಎಂಐ, ಮನೆ ನಿಮ್ಮದು. ಲೆಕ್ಕ ಚೆನ್ನಾಗಿತ್ತು. ದೀಪಾವಳಿ ಮುಗಿಸಿ ಮನೆ ನೋಡೋಕೆ ಹೋದೆವು.

2022 ಎಂಥಾ ವರ್ಷ ಅಂತ ನೆನಪಿದೆಯಾ? ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾಗಿ, ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದರು. ಕೋಟಿಗಟ್ಟಲೆಯ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ ತಂದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೆವು. ಹಾಗಾಗಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಭಯ, ಮನೆಗೆ ನೀರು ನುಗ್ಗಬಾರದು. ಮಹದೇವಪುರದ ಕಡೆ, ನಗರದ ಅಂಚಿನಲ್ಲಿ ಆರು ಅಪಾರ್ಟ್‌ಮೆಂಟ್ ನೋಡಿದೆ. ಆರರಲ್ಲೂ ಅದನ್ನೇ ಕೇಳಿದೆ. ಕೊನೆಯದರಲ್ಲಿ ಬ್ರೋಕರ್ ಎದೆ ತಟ್ಟಿಕೊಂಡು ಹೇಳಿದ, "ಇದು ದಿಬ್ಬದ ಮೇಲಿರೋ ಜಾಗ ಸಾರ್. ಇಲ್ಲಿಗೆ ನೀರು ಬರೋದೇ ಇಲ್ಲ."

ಪುಣ್ಯಾತ್ಮ ಸುಳ್ಳು ಹೇಳಿರಲಿಲ್ಲ.

ನಾನು ಬೇಜವಾಬ್ದಾರಿಯಿಂದ ಕೊಂಡವನಲ್ಲ. ಮೂವತ್ತು ವರ್ಷದ ಇಸಿ, ಅಂದ್ರೆ ಋಣಭಾರ ಪತ್ರ ತೆಗೆಸಿದೆ. ಎ ಖಾತೆ, ಓಸಿ (ವಾಸಯೋಗ್ಯ ಪತ್ರ), ರೇರಾ ನಂಬರ್, ವಕೀಲರ ಅಭಿಪ್ರಾಯ, ಬ್ಯಾಂಕಿನ ವ್ಯಾಲ್ಯುಯೇಶನ್, ಎಲ್ಲ ಆಯ್ತು. ಕಾರ್ಪೆಟ್ ಏರಿಯಾ ಟೇಪ್ ಹಿಡಿದು ಅಳೆದೆ. ಅಮ್ಮನಿಗಾಗಿ ವಾಸ್ತುವನ್ನೂ ನೋಡಿಸಿದೆ. 62 ಲಕ್ಷದ ಮನೆ, 45 ಲಕ್ಷ ಸಾಲ. ಅಷ್ಟು ದೊಡ್ಡ ಫೈಲಿನಲ್ಲಿ ಒಂದು ಹಾಳೆಯಲ್ಲೂ ನೀರಿನ ಸುದ್ದಿ ಇರಲಿಲ್ಲ. ಇಲ್ಲ ಅಂತ ನನಗೆ ಹೊಳೆಯಲೂ ಇಲ್ಲ.

ಯಾಕೆ ಹೊಳೆಯಲಿಲ್ಲ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ನಿಮಗೂ ಹೊಳೆಯೋದಿಲ್ಲ. ನಮ್ಮ ಊರ ಮನೆಯ ಬಾವಿಯಲ್ಲಿ ಆಷಾಢದಲ್ಲಿ ಬಗ್ಗಿ ಕೊಡ ಅದ್ದಿದರೆ ತುಂಬುತ್ತಿತ್ತು. ಬಚ್ಚಲಿಗೆ ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ತಾನಾಗಿ ಇಳಿದು ಬರುತ್ತಿತ್ತು. ನೀರು ಎಲ್ಲಿಂದ ಬರುತ್ತೆ ಅಂತ ಕೇಳೋದು ನಮ್ಮ ಕಡೆ ಗಾಳಿ ಎಲ್ಲಿಂದ ಬರುತ್ತೆ ಅಂತ ಕೇಳಿದಷ್ಟೇ ವಿಚಿತ್ರ. ನಾನು ಮಾಡಿದ ನೀರಿನ ಪರೀಕ್ಷೆ ಅಂದ್ರೆ ಅಡುಗೆಮನೆಯ ನಲ್ಲಿ ತಿರುಗಿಸಿದ್ದು. ಭರ್ರೆಂದು ಬಂತು. ಖುಷಿಯಾಯ್ತು. ನಲ್ಲಿ ಭರ್ರೆಂದರೆ ಮೇಲಿನ ಟ್ಯಾಂಕ್ ಆ ಹೊತ್ತಿಗೆ ತುಂಬಿದೆ ಅಂತ ಅಷ್ಟೇ ಅರ್ಥ. ಟ್ಯಾಂಕಿಗೆ ನೀರು ಬರೋದು ಸಂಪಿನಿಂದ. ಸಂಪಿಗೆ ಬಂದದ್ದು ಕಾವೇರಿಯೋ, ಬೋರ್‌ವೆಲ್ಲೋ, ಟ್ಯಾಂಕರೋ, ನಲ್ಲಿಗೆ ಆ ಜಾತಿಭೇದ ಇಲ್ಲ. ಅದೂ ನಾನು ಹೋದದ್ದು ದಾಖಲೆ ಮಳೆಯ ವರ್ಷದ ದೀಪಾವಳಿ ಮುಗಿದ ವಾರ. ಆಗ ಆ ಏರಿಯಾದ ಪ್ರತಿ ಬೋರ್‌ವೆಲ್ಲೂ ತುಂಬಿ ಕೂತಿತ್ತು.

"ಕಾವೇರಿ ಕನೆಕ್ಷನ್?" ಅಂತ ಹೆಂಡತಿ ಒಮ್ಮೆ ಕೇಳಿದ್ದಳು, ಅದನ್ನು ಒಪ್ಪಿಕೊಳ್ಳಲೇಬೇಕು. ಬ್ರೋಕರ್ ರಸ್ತೆ ಬದಿ ತೋರಿಸಿ "ಪೈಪ್ ಹಾಕಿ ಆಗಿದೆ ಮೇಡಂ" ಅಂದ. ಪೈಪ್ ಇತ್ತು. 2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಲ್ಲಿ ನಮ್ಮದೂ ಒಂದು, ಅಲ್ಲಿಗೆ ನೀರು ತರಬೇಕಾದ ಕಾವೇರಿ ಐದನೇ ಹಂತ ಆಗ ಇನ್ನೂ ಕಾಮಗಾರಿಯಲ್ಲಿತ್ತು. ಈ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಆಗಿ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರ ಏರಿ ಬರಬೇಕು. ಪೈಪ್ ಕಂಡರೆ ನೀರು ಕಂಡ ಹಾಗಲ್ಲ.

2023ರ ಬೇಸಿಗೆ ಹೇಗೋ ದಾಟಿತು. ಆ ವರ್ಷ ಮಳೆ ಕೈಕೊಟ್ಟಿತು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. 2024ರ ಫೆಬ್ರವರಿಯಲ್ಲಿ ನಮ್ಮ ಮೂರು ಬೋರ್‌ವೆಲ್‌ಗಳಲ್ಲಿ ಎರಡು ಬತ್ತಿದವು. ಮಾರ್ಚ್‌ನಲ್ಲಿ ಉಪಮುಖ್ಯಮಂತ್ರಿಗಳೇ ತಮ್ಮ ಮನೆಯ ಬೋರ್‌ವೆಲ್ ಒಣಗಿದೆ ಅಂದರು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ನನಗೆ ನಗು ಬಂತು, ನಮಗೆ ಮುಖ ತೊಳೆಯೋಕೇ ಇರಲಿಲ್ಲ.

ಲೆಕ್ಕ ಹೀಗೆ. 48 ಮನೆ, ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ಅಂತ ಹಿಡಿದರೆ ಹತ್ತಿರ ಹತ್ತಿರ 26 ಸಾವಿರ ಲೀಟರ್. 12 ಸಾವಿರ ಲೀಟರಿನ ಎರಡು ಟ್ಯಾಂಕರ್ ಬಂದರೂ ಸಾಲದು. ಜನವರಿಯಲ್ಲಿ ನಮಗೆ ಸಾವಿರಕ್ಕೆ ಸಿಗುತ್ತಿದ್ದ ಟ್ಯಾಂಕರ್ ಮಾರ್ಚ್‌ಗೆ ಎರಡು ಸಾವಿರ ದಾಟಿತು. ಜಿಲ್ಲಾಡಳಿತ 12 ಸಾವಿರ ಲೀಟರಿಗೆ, ಐದು ಕಿಲೋಮೀಟರ್ ಒಳಗಾದರೆ, ಸಾವಿರ ರೂಪಾಯಿ ಅಂತ ದರ ಕಟ್ಟಿತು. ಆ ದರಕ್ಕೆ ಫೋನ್ ಮಾಡಿದರೆ "ನಾಡಿದ್ದು ನೋಡೋಣ" ಅನ್ನೋರು. 3,200 ಇದ್ದ ಮೇಂಟೆನೆನ್ಸ್ ಆ ತಿಂಗಳು 7,800 ಬಂತು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನೀರು. ಪಾತ್ರೆ ತೊಳೆಯೋದು ತಪ್ಪಲಿ ಅಂತ ಊರಿಂದ ಬಾಳೆಎಲೆ ಕಟ್ಟು ತರಿಸಿಕೊಂಡು ಎರಡು ವಾರ ಅದರಲ್ಲೇ ಉಂಡೆವು. ಮಗಳು ದಿನಾ ಹಬ್ಬ ಅಂದುಕೊಂಡಿದ್ದಳು.

ಅದೇ ಹೊತ್ತಿಗೆ ಅಮ್ಮ ಬಂದಳು. ಹಂಡೆ ತುಂಬ ಬಿಸಿನೀರು ಮಿಂದು ಅಭ್ಯಾಸ ಇದ್ದವಳಿಗೆ ಅರ್ಧ ಬಕೆಟ್ ಇಟ್ಟುಕೊಟ್ಟೆ. ಮೂರು ದಿನ ಏನೂ ಹೇಳಲಿಲ್ಲ. ನಾಲ್ಕನೇ ದಿನ ಬ್ಯಾಗ್ ತುಂಬಿಕೊಂಡು, "ಅಲ್ಲ ಮಾರಾಯ, ಇಷ್ಟು ದುಡ್ಡು ಸುರಿದು ಬಾವಿ ಇಲ್ಲದ ಮನೆ ತಗೊಂಡ್ಯಲ್ಲೋ" ಅಂದಳು. ರಾತ್ರಿ ಬಸ್ಸಿಗೆ ಹತ್ತಿಸಿ ಬಂದೆ.

ಜೂನ್‌ನಲ್ಲಿ ನಾವು ವಿಜಯನಗರದ ಹಳೇ ಮನೆಯೊಂದಕ್ಕೆ ಬಾಡಿಗೆಗೆ ಹೋದೆವು. ಹಳೇ ಏರಿಯಾ, ಎರಡು ದಿನಕ್ಕೊಮ್ಮೆ ಕಾವೇರಿ. ಅಲ್ಲಿಗೆ 24 ಸಾವಿರ ಬಾಡಿಗೆ ಕೊಡ್ತೇನೆ, ನನ್ನ ಫ್ಲ್ಯಾಟಿನಿಂದ 19 ಸಾವಿರ ಬರುತ್ತೆ, ಇಎಂಐ 39 ಸಾವಿರ. ಬಾಡಿಗೆ ತಪ್ಪಿಸಿಕೊಳ್ಳೋಕೆ ಮನೆ ಕೊಂಡವನು ಈಗ ಎರಡನ್ನೂ ಕಟ್ಟುತ್ತಿದ್ದೇನೆ.

ಮಾರಿಬಿಡಿ ಅಂತ ಸಲಹೆ ಕೊಡೋರಿಗೆ ಒಂದು ಮಾತು. ಮುದ್ರಾಂಕ ಶುಲ್ಕ, ಸೆಸ್ಸು, ನೋಂದಣಿ ಎಲ್ಲ ಸೇರಿ ನಾನು ಕಟ್ಟಿದ್ದು ಶೇ 6.6, ಅಂದ್ರೆ ನಾಲ್ಕು ಲಕ್ಷದ ಮೇಲೆ. ಮನೆ ಮಾರಿದರೆ ಆ ದುಡ್ಡು ಯಾರೂ ವಾಪಸ್ ಕೊಡಲ್ಲ. ನಿಮಗೆ ಇನ್ನೂ ಜಾಸ್ತಿ, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಗಿದೆ.

ಈಗ ನಿಮ್ಮ ಅಪ್ಪನ ಮಾತಿಗೆ ಬರ್ತೇನೆ. ಹಿರಿಯರು, ಬೇಜಾರು ಮಾಡ್ಕೋಬಾರದು. ಬಾಡಿಗೆ ನೀರಲ್ಲಿ ಹೋಮ ಅನ್ನೋದನ್ನ ನಾನು ಒಪ್ಪಲ್ಲ. 45 ಲಕ್ಷಕ್ಕೆ ಶೇ 8.5 ಬಡ್ಡಿ, 20 ವರ್ಷ ಅಂದ್ರೆ ಮೊದಲ ತಿಂಗಳ 39 ಸಾವಿರದಲ್ಲಿ ಹತ್ತಿರ 32 ಸಾವಿರ ಬಡ್ಡಿಗೇ ಹೋಗುತ್ತೆ, ಅಸಲಿಗೆ ಸೇರೋದು ಏಳು ಸಾವಿರ ಚಿಲ್ಲರೆ. ಹೋಮವೇ ಆದರೆ ಇದೂ ಹೋಮವೇ, ತುಪ್ಪ ಇನ್ನೂ ಜಾಸ್ತಿ. ಜೊತೆಗೆ "ಮೊದಲು ಕೊಳ್ಳೋದೋ, ಹೋಗಿ ಕೊಳ್ಳೋದೋ" ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಒಂದು ಏಪ್ರಿಲ್ ಅಲ್ಲಿ ಬದುಕದೆ ಬೆಂಗಳೂರಿನಲ್ಲಿ ಮನೆ ಕೊಳ್ಳಲೇಬಾರದು ಅಂತ ನನ್ನ ವಾದ. ಜೂನ್‌ಗೆ ಹೋಗ್ತೀರಿ ಅಂದ್ರೆ ನಿಮಗೆ ಬೇಸಿಗೆ ಕಾಣೋಕೆ ಇನ್ನೂ ಒಂಬತ್ತು ತಿಂಗಳು. ಅಲ್ಲಿವರೆಗೆ ಬಾಡಿಗೆಗಿರಿ. ಟ್ರಾಫಿಕ್ಕು, ಸ್ಕೂಲು, ಮೆಟ್ರೋ ಬಗ್ಗೆ ಬೇರೆಯವರು ಬರೀತಾರೆ, ಅವೆಲ್ಲ ಮ್ಯಾಪ್‌ನಲ್ಲಿ ಕಾಣುವ ವಿಷಯ.

ನೋಡೋಕೆ ಹೋದಾಗ ನಲ್ಲಿ ತಿರುಗಿಸಬೇಡಿ. ಗೇಟಿನ ವಾಚ್‌ಮನ್ ಹತ್ತಿರ ಒಂದು ಉದ್ದನೆಯ ಪುಸ್ತಕ ಇರುತ್ತೆ, ಟ್ಯಾಂಕರ್ ಬಂದ ಹೊತ್ತು, ಗಾಡಿ ನಂಬರ್ ಎಲ್ಲ ಬರೆದಿರುತ್ತಾರೆ. ಅದರಲ್ಲಿ ಮಾರ್ಚ್, ಏಪ್ರಿಲ್ ಪುಟ ಕೇಳಿ. ಅದೇ ಎರಡು ತಿಂಗಳ ಮೇಂಟೆನೆನ್ಸ್ ಬಿಲ್ ಕೇಳಿ. ಕಾವೇರಿ ಇದೆ ಅಂದ್ರೆ ಜಲಮಂಡಳಿಯ ಬಿಲ್ ತೋರಿಸಿ ಅನ್ನಿ. ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯ್ತು, ದಿನಕ್ಕೆ 775 ದಶಲಕ್ಷ ಲೀಟರ್. ನಮ್ಮ ಅಪಾರ್ಟ್‌ಮೆಂಟಿಗೂ ಆಮೇಲೆ ಕನೆಕ್ಷನ್ ಬಂತು, ವಾರಕ್ಕೆರಡು ದಿನ ಬಿಡ್ತಾರೆ, ಉಳಿದದ್ದಕ್ಕೆ ಬೋರ್‌ವೆಲ್ಲೇ ಗತಿ.

ಈ ಪುಸ್ತಕದ ಉಪಾಯ ನನ್ನದಲ್ಲ. ನನ್ನ ಫ್ಲ್ಯಾಟ್ ಬಾಡಿಗೆಗೆ ಕೇಳಿಕೊಂಡು ಬಂದವರು, ಗಂಡ ಹೆಂಡತಿ, ಲಿಫ್ಟ್ ಹತ್ತುವ ಮುಂಚೆಯೇ ಸೀದಾ ವಾಚ್‌ಮನ್ ಹತ್ತಿರ ಹೋಗಿ ಅದನ್ನು ತೆಗೆಸಿದರು. ಗೇಟಿನಲ್ಲಿ ನಿಂತೇ ಪುಟ ತಿರುವಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಾಡಿಗೆಯಲ್ಲಿ ಎರಡು ಸಾವಿರ ಇಳಿಸಿಕೊಂಡರು. ಯಾವ ಊರು ಅಂತ ಕೇಳಿದೆ. ಕೋಲಾರ ಅಂದರು.