ಕೋವಿ ಕಟ್ಟೆ: ಮೊದಲು ತಿರುಪು ನೋಡಿ, ಆಮೇಲೆ ಸ್ಕೋಪ್‌ಗೆ ಬೈಯಿರಿ

ಕೈಲ್ ಮುಹೂರ್ತ (ಕೊಡಗಿನ ಆಯುಧ ಪೂಜೆಯ ಹಬ್ಬ) ಹತ್ತಿರ ಬಂತು ಅಂದರೆ ಈ ಅಂಕಣಕ್ಕೆ ಪತ್ರಗಳು ಜಾಸ್ತಿ. ಈ ಸಲ ಅರ್ಧಕ್ಕರ್ಧ ಸ್ಕೋಪ್, ಅಂದರೆ ಕೋವಿಯ ಮೇಲೆ ಕೂರಿಸುವ ದುರ್ಬೀನಿನ ಬಗ್ಗೆಯೇ ಬಂದಿವೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ಸೇನೆಯಲ್ಲಿ ಆರ್ಮರರ್ (ಕೋವಿ ರಿಪೇರಿ ಮಾಡುವವ) ಆಗಿದ್ದೆ. ಈಗ ಕೊಡಗಿನಲ್ಲಿ ಕಾಫಿ ತೋಟ, ವಾರಕ್ಕೆರಡು ದಿನ ಮಕ್ಕಳಿಗೆ ಏರ್ ರೈಫಲ್ ಪಾಠ. ಕೆಳಗೆ ಬರೆದ ಯಾವ ಕೆಲಸಕ್ಕೇ ಕೈ ಹಾಕಿದರೂ ಮೊದಲು ಕೋವಿ ಖಾಲಿ ಇದೆಯೇ ಅಂತ ಎರಡು ಸಲ ನೋಡಿ. ನನ್ನ ಪಾಠದಲ್ಲಿ ಇದನ್ನು ಮರೆತವರಿಗೆ ಆ ದಿನ ಪೆಲೆಟ್ (ಏರ್ ಗನ್ನಿನ ಪುಟ್ಟ ಗುಂಡು) ಇಲ್ಲ.

ನಳಿಗೆ ಮಡಚಿ ಹೊಡೆಯುವ ಏರ್ ರೈಫಲ್ ಇದೆ. ದೊಡ್ಡ ರೈಫಲ್‌ನ ಒಳ್ಳೆಯ 3-9x40 (3ರಿಂದ 9 ಪಟ್ಟು ಪವರ್, ಮುಂದಿನ ಲೆನ್ಸ್ 40 ಮಿಲಿಮೀಟರ್) ಸ್ಕೋಪ್ ಒಂದನ್ನು ಭಾವ ಕೊಟ್ಟರು, ಕೂರಿಸಿದೆ. ಒಂದು ವಾರ ಸರಿಯಾಗಿತ್ತು. ಈಗ ಒಂದೊಂದು ಪೆಲೆಟ್ ಒಂದೊಂದು ದಿಕ್ಕಿಗೆ. ಸ್ಕೋಪ್ ಕೆಟ್ಟಿತೇ?
— ಓದುಗರು, ಸೋಮವಾರಪೇಟೆ

ಕೆಟ್ಟಿರಬಹುದು. ಆದರೆ ಅದು ಕೊನೆಯ ಅನುಮಾನ ಆಗಲಿ.

ದೊಡ್ಡ ರೈಫಲ್ ಹಿಂದಕ್ಕೆ ಒದೆಯುತ್ತದೆ, ಅಷ್ಟೇ. ನಿಮ್ಮ ಏರ್ ರೈಫಲ್ ಸ್ಪ್ರಿಂಗ್ ಗನ್, ಅದು ಎರಡು ಕಡೆ ಒದೆಯುತ್ತದೆ. ಟ್ರಿಗರ್ ಎಳೆದ ಕೂಡಲೇ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಗನ್ ಹಿಂದೆ ಸರಿಯುತ್ತದೆ. ಪಿಸ್ಟನ್ ಕೊನೆ ಮುಟ್ಟಿ ಗಕ್ಕನೆ ನಿಂತಾಗ ಗನ್ ಮುಂದಕ್ಕೆ ಎಗರುತ್ತದೆ. ಸಾಧಾರಣ ಸ್ಕೋಪ್‌ನ ಒಳಭಾಗಗಳನ್ನು ಹಿಂದಿನ ಒದೆತಕ್ಕೆ ಮಾತ್ರ ಬಿಗಿ ಮಾಡಿರುತ್ತಾರೆ. ಈ ಪಾಠಕ್ಕೆ ನಾನೇ ಫೀಸು ಕಟ್ಟಿದ್ದೇನೆ. ನಿವೃತ್ತಿಯ ದುಡ್ಡಿನಲ್ಲಿ ಆಸೆಪಟ್ಟು ತಂದ ಸ್ಕೋಪನ್ನು ಏರ್ ಗನ್ ಮೇಲೆ ಹಾಕಿದೆ. ಒಂದು ಡಬ್ಬಿ ಪೆಲೆಟ್ ಮುಗಿಯುವುದರೊಳಗೆ ಗುರಿ ಹಿಡಿಯುವ ಒಳಗಿನ ಅಡ್ಡಗೆರೆ ಕೊಡೆಯ ಮುರಿದ ಕಡ್ಡಿ ಥರ ವಾಲಿತ್ತು. ಅಲ್ಲಾಡಿಸಿದರೆ ಕಿಲಿಕಿಲಿ ಸದ್ದು. ಏರ್ ಗನ್ನಿಗೆಂದೇ ಮಾಡಿದ ಸ್ಕೋಪ್ ಅಗ್ಗದ್ದಾದರೂ ಬಾಳುತ್ತದೆ, ಕೇಳಿ ತಗೊಳ್ಳಿ.

ಈಗ ನಿಮ್ಮ ಗನ್. ಸ್ಕೋಪ್ ಬಿಚ್ಚಿ, ಗನ್ನಿನ ಸ್ವಂತ ಸೈಟ್‌ನಲ್ಲೇ (ನಳಿಗೆಯ ಮೇಲೆ ಗುರಿ ಹಿಡಿಯಲು ಇರುವ ಮೊನೆ, ಕಂಡಿ) 10 ಮೀಟರಿನಿಂದ 10 ಪೆಲೆಟ್ ಹೊಡೆಯಿರಿ. ಅದರಲ್ಲೂ ಚೆಲ್ಲಾಪಿಲ್ಲಿ ಆದರೆ ತಪ್ಪು ಪೆಲೆಟ್‌ನದ್ದು, ಗನ್‌ನದ್ದು ಇಲ್ಲವೇ ನಮ್ಮ ಕೈಯದ್ದು. ಒತ್ತಾಗಿ ಬಿದ್ದರೆ ಮೌಂಟ್, ಅಂದರೆ ಸ್ಕೋಪನ್ನು ಗನ್ನಿಗೆ ಹಿಡಿದಿಡುವ ಭಾಗ, ನೋಡಿ. ಗನ್ ಮೇಲಿನ 11 ಮಿಲಿಮೀಟರ್ ಕಚ್ಚಿನಲ್ಲಿ (ಮೌಂಟ್ ಕೂರುವ ಜಾಗ) ಹೊಸ ಗೀರು ಇದೆಯೇ? ಇದ್ದರೆ ಮೌಂಟ್ ಜಾರಿದೆ. ಹತ್ತರಲ್ಲಿ ಎಂಟು ಪತ್ರಗಳ ಉತ್ತರ ಈ ಗೀರಿನಲ್ಲೇ ಇರುತ್ತದೆ. ಎರಡು ಬಿಡಿ ರಿಂಗ್‌ಗಿಂತ ಒಂದೇ ತುಂಡಿನ ಮೌಂಟ್ ವಾಸಿ. ಅದಕ್ಕೆ ಕೆಳಗೊಂದು ಪುಟ್ಟ ತಡೆ ಮೊಳೆ ಇರಬೇಕು, ಅದು ಗನ್ ಮೇಲಿನ ತೂತಿನಲ್ಲಿ ಕೂತಿರಬೇಕು. ಕೂರಿಸುವ ಮೊದಲು ಆ ಕಚ್ಚಿನ ಎಣ್ಣೆಯನ್ನು ಸ್ಪಿರಿಟ್ ಹಾಕಿ ಒರೆಸಿ. ಎಣ್ಣೆ ಮೇಲೆ ಎಷ್ಟು ಬಿಗಿದರೂ ಜಾರುತ್ತದೆ.

ರಿಂಗಿನ ತಿರುಪು ಬಿಗಿಯುವಾಗ ಜೀಪಿನ ಚಕ್ರ ನೆನಪಿಸಿಕೊಳ್ಳಿ. ಒಂದನ್ನೇ ಪೂರ್ತಿ ಬಿಗಿಯಬೇಡಿ, ಎದುರುಬದುರು ಸ್ವಲ್ಪ ಸ್ವಲ್ಪ. ಎರಡೂ ಬದಿಯ ಸಂದು ಒಂದೇ ಸಮ ಉಳಿಯಬೇಕು. ಅಳತೆ ತೋರಿಸುವ ಸ್ಕ್ರೂಡ್ರೈವರ್ ಇದ್ದರೆ 15ರಿಂದ 20 ಇಂಚ್-ಪೌಂಡ್ ಸಾಕು. ಇಲ್ಲದಿದ್ದರೆ ಅಲೆನ್ ಕೀಯ ಗಿಡ್ಡ ಕಾಲು ಹಿಡಿದು ಎರಡು ಬೆರಳಲ್ಲಿ ಬರುವಷ್ಟು. ಉದ್ದದ ಕಾಲು ಹಿಡಿದು ಮುಷ್ಟಿಯಲ್ಲಿ ತಿರುಗಿಸಿದರೆ ಸ್ಕೋಪ್ ಕೊಳವೆ ಚಪ್ಪಟೆ. ಆಮೇಲೆ ಮನೆಯವರ ನೇಲ್ ಪಾಲಿಶ್ ತಂದು (ಕೇಳಿಯೇ ತನ್ನಿ) ತಿರುಪಿನ ತಲೆಯಿಂದ ರಿಂಗಿನವರೆಗೆ ಒಂದು ಗೆರೆ, ಮೌಂಟಿನಿಂದ ಗನ್‌ವರೆಗೆ ಇನ್ನೊಂದು ಗೆರೆ ಎಳೆಯಿರಿ. ಗೆರೆ ಒಡೆದರೆ ಏನೋ ಸರಿದಿದೆ ಅಂತಲೇ ಅರ್ಥ.

ಇನ್ನೊಂದಿದೆ. ಮಡಚುವ ನಳಿಗೆ ಎಷ್ಟೋ ಗನ್‌ಗಳಲ್ಲಿ ಕೊಂಚ ಕೆಳಕ್ಕೆ ಬಾಗಿರುತ್ತದೆ. ಪೆಲೆಟ್ ಕೆಳಗೆ ಬೀಳುತ್ತದೆ ಅಂತ ಸ್ಕೋಪಿನ ಮೇಲಿನ ಗುಂಡಿಯನ್ನು ಕೊನೆವರೆಗೂ ತಿರುಗಿಸುತ್ತೀರಿ. ಆಗ ಅದರ ಕೆಳಗಿನ ಸ್ಪ್ರಿಂಗ್ ಸಡಿಲಾಗಿ ಗುರಿ ಹೊಡೆತಕ್ಕೊಂದು ಥರ ಅಲೆಯುತ್ತದೆ. ಗುಂಡಿಯನ್ನು ನಡುವಿಗೆ ತನ್ನಿ. ಹಿಂದಿನ ರಿಂಗಿನ ಕೆಳ ಅರ್ಧದಲ್ಲಿ, ಸ್ಕೋಪಿನ ಅಡಿಗೆ, ಹಳೆಯ ಫೋಟೊ ನೆಗೆಟಿವ್‌ನ ಒಂದು ಪಟ್ಟಿ ಇಡಿ, ಸ್ಕೋಪಿನ ಹಿಂಬದಿ ಕೊಂಚ ಎತ್ತರವಾಗಿ ಪೆಲೆಟ್ ಮೇಲಕ್ಕೆ ಬರುತ್ತದೆ. ಮದುವೆ ಆಲ್ಬಮ್‌ನದ್ದು ಬೇಡ.

ಅಂಕಲ್, ಕಾಲೇಜಿನಲ್ಲಿ 10 ಮೀಟರ್ ಏರ್ ರೈಫಲ್‌ಗೆ ಸೇರಿದ್ದೇನೆ. ಗುರಿ ಸಾಸಿವೆ ಕಾಳಿನಷ್ಟೂ ಕಾಣಲ್ಲ. ಅಪ್ಪ ಸ್ಕೋಪ್ ಕೊಡಿಸ್ತೀನಿ ಅಂತಾರೆ. ಯಾವುದು ತಗೊಳ್ಳಲಿ?
— ವಿದ್ಯಾರ್ಥಿನಿ, ಮೈಸೂರು

ಯಾವುದೂ ಬೇಡ ಮಗಳೇ. ಆ ಸ್ಪರ್ಧೆಯಲ್ಲಿ ದೂರದ್ದನ್ನು ಹತ್ತಿರ ತೋರಿಸುವ ಸ್ಕೋಪ್‌ಗೆ ಅವಕಾಶವೇ ಇಲ್ಲ. ಹಿಂದೆ ಪುಟ್ಟ ತೂತು, ಮುಂದೆ ಒಂದು ಉಂಗುರ, ಅದರ ನಡುವೆ ಕಪ್ಪು ವೃತ್ತ. ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಈ 10 ಮೀಟರ್ ಸ್ಪರ್ಧೆಯಲ್ಲೇ, ಈ ಥರದ ಸೈಟ್‌ನಲ್ಲೇ. ಆ ಚುಕ್ಕೆ ಯಾರಿಗೂ ಕಾಣುವುದಿಲ್ಲ. ಕಪ್ಪು ವೃತ್ತ ಉಂಗುರದ ನಟ್ಟ ನಡುವೆ ಕೂತರೆ ಚುಕ್ಕೆ ತಾನಾಗಿ ಸಿಗುತ್ತದೆ. ಅಪ್ಪನಿಗೆ ಹೇಳಿ, ಆ ದುಡ್ಡಲ್ಲಿ ಶೂಟಿಂಗ್ ಜಾಕೆಟ್ ಕೊಡಿಸಲಿ. ಕಣ್ಣಿನ ಪರೀಕ್ಷೆಯೂ ಒಂದು ಆಗಲಿ.

ಲೈಸೆನ್ಸ್ ಇರುವ .22 ರೈಫಲ್, 50 ಮೀಟರ್ ಗುರಿ. 6-24x50 ತಗೊಂಡರೆ 3-9x40ಗಿಂತ ಒಳ್ಳೆಯದಲ್ವಾ?
— ಓದುಗರು, ಬೆಂಗಳೂರು

ದೊಡ್ಡ ನಂಬರ್ ಅಂದರೆ ದೊಡ್ಡ ಗುರಿ ಅಲ್ಲ ಸಾರ್. 24ರಲ್ಲಿ ಇಟ್ಟರೆ ನಿಮ್ಮ ಎದೆಬಡಿತವೂ 24 ಪಟ್ಟು ಕಾಣುತ್ತದೆ. ಮುಂದಿನ ಲೆನ್ಸಿನ ಅಗಲವನ್ನು ಪವರ್‌ನಿಂದ ಭಾಗಿಸಿ ನೋಡಿ. 40ಕ್ಕೆ 9 ಅಂದರೆ ನಾಲ್ಕೂವರೆ ಮಿಲಿಮೀಟರ್ ಬೆಳಕಿನ ಬಿಲ್ಲೆ ನಿಮ್ಮ ಕಣ್ಣಿಗೆ ಬೀಳುತ್ತದೆ. 50ಕ್ಕೆ 24 ಅಂದರೆ ಬರೀ 2. ತಲೆ ಕೂದಲೆಳೆಯಷ್ಟು ಸರಿದರೂ ಕತ್ತಲೆ. 50 ಮೀಟರಿಗೆ 9 ಧಾರಾಳ. ಮಿಕ್ಕ ದುಡ್ಡನ್ನು ಪ್ಯಾರಲಾಕ್ಸ್ (ಕಣ್ಣು ಸರಿದರೆ ಅಡ್ಡಗೆರೆಯೂ ಸರಿದಂತೆ ಕಾಣುವ ದೋಷ) ಹೊಂದಿಸಲು ಬರುವ ಸ್ಕೋಪ್‌ಗೆ ಹಾಕಿ. ದೊಡ್ಡ ರೈಫಲ್ ಸ್ಕೋಪ್‌ಗಳನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿಟ್ಟಿರುತ್ತಾರೆ. ಪರೀಕ್ಷೆ ಸುಲಭ: ಖಾಲಿ ರೈಫಲನ್ನು ಮರಳು ಚೀಲದ ಮೇಲಿಡಿ, ಮುಟ್ಟದೆ ಕಣ್ಣನ್ನು ಮಾತ್ರ ಆಚೀಚೆ ಸರಿಸಿ. ಅಡ್ಡಗೆರೆ ಗುರಿಯ ಮೇಲೆ ಓಡಾಡಿದರೆ ಹೊಂದಿಲ್ಲ.

ಸ್ಕೋಪಿನ ಗುಂಡಿ ತಿರುಗಿಸುವಾಗ ಬರುವ ಕ್ಲಿಕ್ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಮುಂದಿನ ಪತ್ರ ಅದೇ ಬರುತ್ತದೆ. ಕಾಲು ಮಿನಿಟ್ (ಮಿನಿಟ್ ಅಂದರೆ ಇಲ್ಲಿ ಕೋನದ ಅಳತೆ, ಒಂದು ಡಿಗ್ರಿಯ ಅರವತ್ತನೇ ಭಾಗ) ಸ್ಕೋಪ್‌ನಲ್ಲಿ 50 ಮೀಟರಿಗೆ ಒಂದು ಕ್ಲಿಕ್ ಅಂದರೆ ಸುಮಾರು 3.6 ಮಿಲಿಮೀಟರ್. ಗುಂಡು 3 ಸೆಂಟಿಮೀಟರ್ ಕೆಳಗೆ ಬಿದ್ದರೆ ಮೇಲಕ್ಕೆ 8 ಕ್ಲಿಕ್. ಅದೇ 3 ಸೆಂಟಿಮೀಟರ್ 10 ಮೀಟರ್ ದೂರದಲ್ಲಾದರೆ 41 ಕ್ಲಿಕ್! ಏರ್ ಗನ್ನಿನವರು ನಾಲ್ಕು ಕ್ಲಿಕ್ ತಿರುಗಿಸಿ, ಸ್ಕೋಪ್ ಕೆಲಸ ಮಾಡ್ತಿಲ್ಲ ಅಂತ ಅಂಗಡಿಗೆ ವಾಪಸ್ ಒಯ್ಯುವುದು ಇದಕ್ಕೇ.

ಅಡ್ಡಗೆರೆ ನೇರ ಇದೆಯೇ ಅನ್ನುವುದಕ್ಕೆ ಗಾರೆಯವರ ತೂಗುಗುಂಡನ್ನು ಎದುರಿಗೆ ನೇತುಹಾಕಿ. ರೈಫಲ್ ವಾಲದಂತೆ ಇಟ್ಟು, ನಿಂತ ಗೆರೆಯನ್ನು ಅದರ ದಾರಕ್ಕೆ ಹೊಂದಿಸಿ, ಆಮೇಲೆ ರಿಂಗ್ ಬಿಗಿಯಿರಿ. ಕಣ್ಣಿಗೂ ಸ್ಕೋಪ್‌ಗೂ ಮೂರು ಮೂರೂವರೆ ಇಂಚು ಇರಲಿ.

ಮಾವನವರ ಸ್ಕೋಪನ್ನು ಪೂಜೆಗೆಂದು ಹೊರಗೆ ತೆಗೆದೆವು. ಲೆನ್ಸ್ ಒಳಗೆ ಜೇಡರ ಬಲೆ ಥರ ಇದೆ. ಚರ್ಮದ ಚೀಲದಲ್ಲಿ ಜೋಪಾನವಾಗಿಯೇ ಇಟ್ಟಿದ್ದೆವು. ಬಿಚ್ಚಿ ಒರೆಸಬಹುದೇ?
— ಗೃಹಿಣಿ, ವಿರಾಜಪೇಟೆ

ಆ ಜೋಪಾನವೇ ಕೆಡಿಸಿತು ತಾಯಿ. ಅದು ಬಲೆಯಲ್ಲ, ಬೂಷ್ಟು. ನಮ್ಮ ಕಕ್ಕಡ ತಿಂಗಳ ಮಳೆಯಲ್ಲಿ ಚರ್ಮ ತೇವ ಹೀರಿ ಇಟ್ಟುಕೊಳ್ಳುತ್ತದೆ. ಚಪ್ಪಲಿಯ ಮೇಲೆ ಬೆಳೆಯುವುದು ಲೆನ್ಸ್ ಮೇಲೂ ಬೆಳೆಯುತ್ತದೆ, ನಿಧಾನಕ್ಕೆ ಅದರ ಲೇಪವನ್ನೇ ತಿನ್ನುತ್ತದೆ. ಬಿಚ್ಚಬೇಡಿ. ಈಗಿನ ಸ್ಕೋಪ್‌ಗಳ ಒಳಗೆ ಗಾಳಿ ತೆಗೆದು ನೈಟ್ರೋಜನ್ ತುಂಬಿ ಮುಚ್ಚಿರುತ್ತಾರೆ, ಒಮ್ಮೆ ಬಿಚ್ಚಿದರೆ ಮನೆಯಲ್ಲಿ ಮತ್ತೆ ಮುಚ್ಚಲು ಆಗುವುದಿಲ್ಲ. ಹಳೆಯದಾದರೂ ಲೆನ್ಸ್ ಕೆಲಸ ಗೊತ್ತಿರುವವರಿಗೇ ಕೊಡಿ.

ಮುಂದಿನದ್ದಕ್ಕೆ: ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್. ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಆ ಬಾಣಲೆ ಆಮೇಲೆ ಅಡುಗೆಗೆ ಬೇಡ. ಹೊರಗಿನ ಲೆನ್ಸನ್ನು ಮೊದಲು ಗಾಳಿ ಊದುವ ರಬ್ಬರ್ ಬಲ್ಬಿನಿಂದ ಊದಿ, ಮೆತ್ತನೆ ಬ್ರಷ್ ಆಡಿಸಿ, ಆಮೇಲೆ ಮಾತ್ರ ಲೆನ್ಸ್ ಬಟ್ಟೆ. ಸೆರಗು, ಪಂಚೆ ಚುಂಗು, ಅಂಗಿ ತುದಿ ಯಾವುದೂ ಬೇಡ. ಬಟ್ಟೆಯಲ್ಲಿ ಕೂತ ಮಣ್ಣಿನ ಕಣ ಗಾಜಿಗೆ ಉಪ್ಪುಕಾಗದ.

ತೋಟಕ್ಕೆ ಬರುವ ನವಿಲು, ಮಂಗಕ್ಕೆ ಸ್ಕೋಪ್ ಹಾಕಿದ ಏರ್ ಗನ್ ಸಾಕೇ?
— ಓದುಗರು, ಸಕಲೇಶಪುರ

ಬೇಡವೇ ಬೇಡ. ಏರ್ ಗನ್ನಿಗೆ ಲೈಸೆನ್ಸ್ ಬೇಕಿಲ್ಲದಿರಬಹುದು, 1972ರ ವನ್ಯಜೀವಿ ಕಾಯ್ದೆಯ ಮುಂದೆ ಆ ವಿನಾಯಿತಿ ಲೆಕ್ಕಕ್ಕಿಲ್ಲ. ನವಿಲು ಅದರ ಮೊದಲ ಪಟ್ಟಿಯಲ್ಲೇ ಇದೆ.

ಹಕ್ಕಿ ನೋಡುವುದಕ್ಕಾದರೂ ಸ್ಕೋಪ್ ಬಳಸಬಹುದಾ?
— ಅದೇ ಓದುಗರು

ಸ್ಕೋಪ್ ಎತ್ತ ತಿರುಗಿತೋ ನಳಿಗೆಯೂ ಅತ್ತ. ಹಕ್ಕಿಯ ಹಿಂದೆ ಪಕ್ಕದ ತೋಟದ ಆಳು ಕಾಫಿ ಕುಯ್ಯುತ್ತಿರಬಹುದು. ಒಂದು ಬೈನಾಕ್ಯುಲರ್ ತಗೊಳ್ಳಿ. 8x42 ಸಾಕು.