ಐದನೇ ತಿಂಗಳ ಸ್ಕ್ಯಾನ್ ಮೇಲೆ ತಪ್ಪು ಹೊರಿಸುವ ಮುನ್ನ

ನಮಸ್ಕಾರ. ಹೊಟ್ಟೆಯೊಳಗಿನ ಮಗುವಿಗೆ ಬಂದ ಗಡ್ಡೆಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ತಾಯಿಯ ಸಂಕಟ ಮನಸ್ಸಿಗೆ ತಟ್ಟುತ್ತದೆ. ಆದರೆ ಎರಡನೇ ಪುಟದ ಕೆಲವು ಸಾಲುಗಳು ನಿನ್ನೆಯಿಂದ ನನ್ನನ್ನು ಬಿಡುತ್ತಿಲ್ಲ. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

‘ಐದನೇ ತಿಂಗಳಲ್ಲಿ ಎಲ್ಲ ಸರಿ ಇದೆ ಎಂದರು, ಎಂಟನೇ ತಿಂಗಳಲ್ಲಿ ಗಡ್ಡೆ ಎಂದರು. ಅಂದರೆ ಮೊದಲು ಸರಿಯಾಗಿ ನೋಡಲೇ ಇಲ್ಲ.’

ಈ ‘ಅಂದರೆ’ ಎಲ್ಲಿಂದ ಬಂತು? ನೀವು ಬರೆದಿರುವುದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ನ್ಯೂರೋಬ್ಲಾಸ್ಟೋಮಾ ಬಗ್ಗೆ, ಅಂದರೆ ಇನ್ನೂ ಬಲಿಯದ ನರಕೋಶಗಳಿಂದ ಹುಟ್ಟುವ ಕ್ಯಾನ್ಸರ್ ಗಡ್ಡೆಯ ಬಗ್ಗೆ. ಅದು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಕೊನೆಯ ಮೂರು ತಿಂಗಳಲ್ಲಿ. 18–20 ವಾರಕ್ಕೆ ಅಲ್ಲಿ ಗಡ್ಡೆಯೇ ಇರದಿರಬಹುದು. ಇಲ್ಲದ್ದನ್ನು ಯಾರು ತಾನೇ ನೋಡುತ್ತಾರೆ? ಬೆನ್ನುಮೂಳೆಯ ತುದಿಯಲ್ಲಿ ಬೆಳೆಯುವ ಟೆರಟೋಮಾ ಎಂಬ ಗಡ್ಡೆ ಆದರೂ ಅಷ್ಟೇ. ಹೊರಗೆ ಉಬ್ಬಿದ್ದರೆ ಬೇಗ ಸಿಗುತ್ತದೆ, ಪೂರ್ತಿ ಒಳಗೇ ಇದ್ದರೆ ತಪ್ಪಿಹೋಗಬಹುದು.

ಮುಂದಿನ ಸಾಲು: ‘ಕ್ಯಾನ್ಸರ್ ಸ್ಪಷ್ಟವಾಗಿ ಕಂಡಿತು.’ ಪರದೆ ಮೇಲೆ ಕ್ಯಾನ್ಸರ್ ಎಂದು ಬರೆದಿರುವುದಿಲ್ಲ. ಬೂದು ಬಣ್ಣದ ಒಂದು ಉಂಡೆ ಕಾಣುತ್ತದೆ, ಅಷ್ಟೇ. ಅಡ್ರಿನಲ್ ಒಳಗೆ ರಕ್ತಸ್ರಾವವಾಗಿದ್ದರೂ ಹಾಗೇ ಕಾಣಬಹುದು. ಅದಕ್ಕೇ ಕೆಲವು ವಾರ ಬಿಟ್ಟು ಮತ್ತೆ ನೋಡುತ್ತಾರೆ. ರಕ್ತವಾದರೆ ಬರಬರುತ್ತ ಕುಗ್ಗುತ್ತದೆ. ಆ ಮರುಸ್ಕ್ಯಾನನ್ನು ನೀವು ‘ಕಾಲಹರಣ’ ಎಂದಿದ್ದೀರಿ. ಅಲ್ಲಿ ನನಗೆ ನಿಜವಾಗಿ ಸಿಟ್ಟು ಬಂತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇಂಥದ್ದೇ ವರದಿ ಬರೆದಿದ್ದೆ. ನಮ್ಮ ಹಿರಿಯ ಉಪಸಂಪಾದಕರು ಓದಿದರು, ಏನೂ ಹೇಳಲಿಲ್ಲ. ಮರುದಿನ ಪರಿಚಯದ ಡಾಕ್ಟರೊಬ್ಬರ ಸ್ಕ್ಯಾನ್ ರೂಮಿಗೆ ಕಳಿಸಿದರು. ಒಬ್ಬ ಗರ್ಭಿಣಿ ನಾನು ಕೂರಲು ಒಪ್ಪಿದರು. ಮಗು ಬೆನ್ನು ಮೇಲೆ ಮಾಡಿ ಮಲಗಿತ್ತು. ಮೂಳೆಯ ಕಪ್ಪು ನೆರಳು ಸರಿಯಾಗಿ ಹೃದಯದ ಮೇಲೆ. ಆಕೆ ಕಾರಿಡಾರಿನಲ್ಲಿ ಅಡ್ಡಾಡಿ ಬಂದರು. ಮಗು ತಿರುಗಲಿಲ್ಲ. ಎಡ ಮಗ್ಗುಲಿಗೆ ಮಲಗಿಸಿ, ಮತ್ತೆ ಜೆಲ್ ಹಚ್ಚಿ ನೋಡಿದರು. ಮುಕ್ಕಾಲು ಗಂಟೆಯಾದ ಮೇಲೆ ಡಾಕ್ಟರ್ ರಿಪೋರ್ಟಿನಲ್ಲಿ ಬರೆಸಿದ್ದು: ‘ಮಗು ಮಲಗಿರುವ ರೀತಿಯಿಂದ ಹೃದಯ ಪೂರ್ತಿ ಕಾಣಲಿಲ್ಲ.’ ಆಫೀಸಿಗೆ ಬಂದು ನನ್ನ ವರದಿ ಹರಿದುಹಾಕಿದೆ.

ಆ ಸಾಲುಗಳನ್ನು ತೆಗೆಯಿರಿ. ತಾಯಿಯ ಎರಡೂ ರಿಪೋರ್ಟ್ ಹಿಡಿದು ಸ್ಕ್ಯಾನ್ ನೋಡಿ ವರದಿ ಕೊಡುವ ಒಬ್ಬ ಡಾಕ್ಟರ್, ಅಂದರೆ ರೇಡಿಯಾಲಜಿಸ್ಟ್ ಹತ್ತಿರ ಕೂತು ಬನ್ನಿ. ಮರುಸ್ಕ್ಯಾನಿಗೆ ಕಾದ ವಾರಗಳಲ್ಲಿ ಆಕೆ ಹೇಗಿದ್ದರು ಅಂತಲೂ ಕೇಳಿ. ಅದು ಲೇಖನದಲ್ಲಿ ಒಂದು ಸಾಲೂ ಇಲ್ಲ. ತಿದ್ದಿ ಕಳಿಸಿ, ಪುಟ ಖಾಲಿ ಇಟ್ಟಿರುತ್ತೇನೆ.